ನಾಮಧೇಯ ವಿಚಾರ

|| ಶ್ರೀ ಗುರುಭ್ಯೋ ನಮಃ || ಹರಿಃ ಓಂ ||



ಪಕ್ಷಮಾಸವು ಸಮೀಪಿಸುತ್ತಿದೆ. ಭಾದ್ರಪದ ಬಹುಳ ಪ್ರತಿಪದೆಯಿಂದ ಅಮಾವಾಸ್ಯೆಯವರೆಗಿನ ಈ ದಿನಗಳಲ್ಲಿ ಯಾದಗಿರಿ, ಶಹಾಪುರ, ಸುರಪುರ ಪ್ರಾಂತದ ನಮ್ಮ ಮನೆಮನೆಗಳಲ್ಲಿಯೂ ಪಿತೃಕಾರ್ಯ ನಡೆಯುವುದು ಸರ್ವವಿದಿತ. ನಮ್ಮ ತಂದೆಯವರು ಅರ್ಚಕರಾಗಿರುವುದರ ಜೊತೆಗೆ ಪೌರೋಹಿತ್ಯವನ್ನೂ ನಡೆಸಿಕೊಂಡು ಬಂದವರಾದ್ದರಿಂದ ಪ್ರತಿವರ್ಷವೂ ಅವರೊಡನೆ ಹತ್ತಾರು ಮನೆಗಳಿಗೆ ಹೋಗುವ ಪ್ರಸಂಗ ನಮಗೆ ಒದಗುತ್ತದೆ. ಆ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಗತಿಯಿಂದಲೇ ಇಂದಿನ ವಿಚಾರವನ್ನು ಆರಂಭಿಸುತ್ತೇವೆ.

ಕರ್ತೃವು ದರ್ಭೆಯನ್ನು ಹಿಡಿದು ಕುಳಿತಿರುತ್ತಾನೆ. ಗೋತ್ರವನ್ನು ತಡೆಯಿಲ್ಲದೆ ಹೇಳುತ್ತಾನೆ. ತಂದೆಯ ಹೆಸರು, ಅಜ್ಜನ ಹೆಸರು ಬರುತ್ತವೆ. ಮುತ್ತಜ್ಜನ ಹೆಸರಿಗೆ ಸ್ವಲ್ಪ ತಡವರಿಸುತ್ತಾನೆ. ಅಲ್ಲಿಂದ ಮುಂದೆ ಮಾತೃ, ಪಿತಾಮಹೀ, ಪ್ರಪಿತಾಮಹೀ ಎಂದು ತಂದೆಯವರು ಕೇಳಿದೊಡನೆ ಮೌನ. “ಅಜ್ಜಿಗೆ ನಾವು ಅವ್ವ ಅಂತಿದ್ವಿ” ಎನ್ನುತ್ತಾರೆ. ಮುತ್ತಜ್ಜಿಯ ಹೆಸರಿಗಾಗಿ ಸೊಲ್ಲಾಪುರದ ಸೋದರತ್ತೆಗೋ ಹೈದರಾಬಾದಿನ ದೊಡ್ಡಪ್ಪನಿಗೋ ದೂರವಾಣಿ ಹೋಗುತ್ತದೆ. ಎಳ್ಳುನೀರು ಅಂಗೈಯಲ್ಲಿ ಕಾಯುತ್ತಿರುತ್ತದೆ. ಶಾಸ್ತ್ರಕಾರರು ದಯಾಳುಗಳು, ಗೋತ್ರ ತಿಳಿಯದವರಿಗೆ ಕಾಶ್ಯಪಗೋತ್ರವನ್ನೂ, ಪಿತೃಗಳ ಹೆಸರು ತಿಳಿಯದಿದ್ದಲ್ಲಿ ಪೃಥಿವೀಷತ್, ಅಂತರಿಕ್ಷಸತ್, ದಿವಿಷತ್ ಎಂಬ ಹೆಸರುಗಳನ್ನೂ ಹೇಳಿ ಕರ್ಮವು ಲೋಪವಾಗದಂತೆ ದಾರಿ ತೋರಿದ್ದಾರೆ. ಆದರೆ ಇದು ಗತಿಯಿಲ್ಲದವನಿಗೆ ಹೇಳಿದ ಗತಿ. ಮನೆಯಲ್ಲಿ ಎಂಬತ್ತು ವರ್ಷದ ಹಿರಿಯರು ಇದ್ದೂ ಅವರನ್ನು ಒಮ್ಮೆಯೂ ಕೇಳದೆ ಇದ್ದವನಿಗೆ ಹೇಳಿದ್ದಲ್ಲವೆಂದು ನಮ್ಮ ಭಾವನೆ.

ಹೆಸರು ಎಂದರೇನು? ನಾಮಕರಣ ಸಂಸ್ಕಾರವನ್ನೇ ನೋಡಿರಿ. ಶಿಶುವಿಗೆ ಒಂದು ಹೆಸರಲ್ಲ, ದೇವತಾನಾಮ, ಮಾಸನಾಮ, ನಾಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ನಾಲ್ಕು ಹೆಸರುಗಳುಂಟು. ಮಾರ್ಗಶೀರ್ಷಕ್ಕೆ ಕೇಶವ, ಪುಷ್ಯಕ್ಕೆ ನಾರಾಯಣ, ಮಾಘಕ್ಕೆ ಮಾಧವ, ಹೀಗೆ ಕಾರ್ತಿಕದ ದಾಮೋದರನವರೆಗೆ ಹನ್ನೆರಡು ಮಾಸಗಳಿಗೂ ಶ್ರೀಹರಿಯ ಹನ್ನೆರಡು ರೂಪಗಳು ನಿಯಾಮಕವಾಗಿವೆ, ಅಧಿಕಮಾಸಕ್ಕೆ ಪುರುಷೋತ್ತಮ. ಮಾಸನಾಮವನ್ನು ಆರಿಸುವ ಕ್ರಮದಲ್ಲಿ ಸಂಪ್ರದಾಯಭೇದವಿದೆ, ಅದರ ಚರ್ಚೆ ಇಲ್ಲಿ ಬೇಡ. ಇದೇ ಕೇಶವಾದಿ ದ್ವಾದಶನಾಮಗಳನ್ನು ನಾವು ಪ್ರತಿದಿನ ಗೋಪೀಚಂದನದಿಂದ ಮೈಮೇಲೆ ಧರಿಸುತ್ತೇವೆ. ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ ಬಂಗಾರದ ಉಂಗುರದಿಂದ ಹೆಸರನ್ನು ಬರೆದು, ಬಲಗಿವಿಯಲ್ಲಿ ಉಚ್ಚರಿಸುತ್ತೇವೆ. ಅನಂತರ ಸೋದರತ್ತೆಯು ತೊಟ್ಟಿಲೊಳಗೆ ಬಗ್ಗಿ ಹೆಸರು ಕೂಗುವುದು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಯಾವ ಸೂತ್ರದಲ್ಲಿಯೂ ಇಲ್ಲ. ಆದರೂ ಅದಿಲ್ಲದೆ ಹೆಸರು ಕೂತಿತೆಂದು ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ತನ್ನ ಹೆಸರನ್ನು ತಾನಾಗಿ ಆರಿಸಿಕೊಂಡ ಶಿಶುವಿಲ್ಲ. ಇತರರು ಕರೆಯುವುದಕ್ಕಾಗಿ ಇತರರೇ ಕೊಟ್ಟದ್ದು ಹೆಸರು.

ಉಪನಯನವಾದ ವಟುವು ಅಭಿವಾದನದಲ್ಲಿ ಮೊದಲು ತನ್ನ ಪ್ರವರದ ಋಷಿಗಳನ್ನು, ಆಮೇಲೆ ಗೋತ್ರವನ್ನು, ಸೂತ್ರವನ್ನು, ಶಾಖೆಯನ್ನು ಹೇಳಿ ಕಟ್ಟಕಡೆಗೆ ತನ್ನ ಹೆಸರನ್ನು ಹೇಳುತ್ತಾನೆ. ಇಷ್ಟು ಜನರ ಹಿಂದೆ ನಿಂತಿರುವ ನಾನು ಇಂಥವನು ಎಂದಂತಾಯಿತು. ಇಂದಿನ ಅರ್ಜಿಗಳಲ್ಲಿ ಮೊದಲ ಸಾಲೇ ಹೆಸರು. ನಮ್ಮ ಕಡೆಯ ಕುಲಕರ್ಣಿ, ದೇಶಪಾಂಡೆ, ದೇಶಮುಖ ಮೊದಲಾದ ಅಡ್ಡಹೆಸರುಗಳಾದರೋ ಹಳೆಯ ಕಂದಾಯ ವ್ಯವಸ್ಥೆಯ ಹುದ್ದೆಗಳು. ಹುದ್ದೆ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಉಳಿದಿದೆ.

ಮಕ್ಕಳಿಗೆ ದೇವರ ಹೆಸರನ್ನೇ ಇಡಬೇಕೆನ್ನಲು ಹಿರಿಯರು ಭಾಗವತದ ಆರನೆಯ ಸ್ಕಂಧದ ಅಜಾಮಿಳನನ್ನು ಉದಾಹರಿಸುವರು. ಹತ್ತು ಮಕ್ಕಳಲ್ಲಿ ಕಿರಿಯವನಿಗೆ ನಾರಾಯಣನೆಂದು ಹೆಸರಿಟ್ಟಿದ್ದ ಅವನು ಮರಣಕಾಲದಲ್ಲಿ ಮಗನನ್ನು ಕೂಗಿ ಯಮದೂತರಿಂದ ಪಾರಾದ ಕಥೆ ಎಲ್ಲರಿಗೂ ಗೊತ್ತು. ಈ ಕಾರಣದಿಂದಲೋ, ರಾಯರ ಮೇಲಿನ ಭಕ್ತಿಯಿಂದಲೋ, ನಮ್ಮ ಪಾಠಶಾಲೆಯ ಒಂದೇ ತರಗತಿಯಲ್ಲಿ ಐವರು ರಾಘವೇಂದ್ರರಿದ್ದರು. ಗುರುಗಳು “ರಾಘವೇಂದ್ರಾ” ಎಂದರೆ ಐದು ತಲೆಗಳು ಏಳುತ್ತಿದ್ದವು. ಕಡೆಗೆ ಶಹಾಪುರದವ, ಕೆಂಭಾವಿಯವ, ಹುಣಸಗಿಯವ ಎಂದು ಊರಿನಿಂದ ಕರೆಯುವ ರೂಢಿಯಾಯಿತು. ಈಗ ಮೊಬೈಲಿನಲ್ಲಿ ಹುಡುಕಿ, ಯಾವ ಕೋಶದಲ್ಲಿಯೂ ಅರ್ಥ ಸಿಗದ ಎರಡಕ್ಷರದ ಹೆಸರುಗಳನ್ನು ಇಡುವವರಿದ್ದಾರೆ. ನಾವು ಅವರನ್ನು ನಿಂದಿಸುವುದಿಲ್ಲ. ಐವರು ರಾಘವೇಂದ್ರರ ನಡುವೆ ಕುಳಿತು ಕಲಿತವರಿಗೆ ಅವರ ಆತಂಕ ತಿಳಿಯುತ್ತದೆ. ಅರ್ಥವನ್ನು ಒಮ್ಮೆ ಪಂಡಿತರಲ್ಲಿ ಕೇಳಿಟ್ಟುಕೊಂಡರೆ ಸಾಕು.

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಹೆಸರಿನ ವಿಚಾರವು ಇಷ್ಟಕ್ಕೇ ನಿಲ್ಲುವುದಿಲ್ಲ. ಸಕಲ ಶಬ್ದಗಳೂ ಮುಖ್ಯವೃತ್ತಿಯಿಂದ ಶ್ರೀಹರಿಯನ್ನೇ ಹೇಳುತ್ತವೆ, ಇತರ ವಸ್ತುಗಳನ್ನು ಅಮುಖ್ಯವಾಗಿ ಹೇಳುತ್ತವೆ ಎಂಬುದು ಸಮನ್ವಯದ ಸಾರ. ಒಬ್ಬನನ್ನು ಹೆಸರು ಹಿಡಿದು ಕರೆದಾಗ ಆ ಕರೆಯನ್ನು ಮೊದಲು ಕೇಳುವವನು ಅವನ ಅಂತರ್ಯಾಮಿ. ಆದುದರಿಂದಲೇ ಇನ್ನೊಬ್ಬರ ಹೆಸರನ್ನು ತಿರುಚಿ ಹಾಸ್ಯ ಮಾಡುವುದನ್ನು ನಮ್ಮ ಗುರುಗಳು ಸಹಿಸುತ್ತಿರಲಿಲ್ಲ. ಆದರೆ ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಎಲ್ಲ ಹೆಸರುಗಳೂ ಅವನದೇ ಆದ ಮೇಲೆ, ಮುತ್ತಜ್ಜಿಯ ಹೆಸರು ಇದಾದರೇನು ಅದಾದರೇನು? ಮರೆತರೆ ನಷ್ಟವೇನು?

ನಷ್ಟವಿದೆ. ನಾಮರೂಪಗಳು ಮಿಥ್ಯೆಯೆಂದು ಹೇಳುವವರಿಗೆ ಇದು ಪ್ರಶ್ನೆಯೇ ಅಲ್ಲ. ನಮಗಾದರೋ ಜಗತ್ತು ಸತ್ಯ, ಪಂಚಭೇದಗಳು ಸತ್ಯ. ಜೀವಜೀವರ ಭೇದವು ನಿತ್ಯವಾದುದು. ಒಬ್ಬ ಜೀವನಂತೆ ಇನ್ನೊಬ್ಬ ಜೀವನಿಲ್ಲ, ಮೋಕ್ಷದಲ್ಲಿಯೂ ಒಬ್ಬನು ಇನ್ನೊಬ್ಬನಲ್ಲಿ ಕರಗಿಹೋಗುವುದಿಲ್ಲ. ಐವರು ರಾಘವೇಂದ್ರರು ಐವರೇ. ಹಾಗಿರುವಾಗ ನಮ್ಮ ಮನೆಯಲ್ಲಿ ಬಾಳಿ, ಅಡಿಗೆ ಮಾಡಿ, ಹೆತ್ತು ಹೊತ್ತು ಹೋದ ಒಬ್ಬಾಕೆಯನ್ನು ಹೆಸರಿಲ್ಲದೆ ‘ಯಾರೋ ಒಬ್ಬ ಅಜ್ಜಿ’ ಎಂದು ರಾಶಿಯಲ್ಲಿ ಸೇರಿಸುವುದು ಭೇದವಾದಿಗಳಾದ ನಮಗೆ ಒಪ್ಪುವ ಮಾತಲ್ಲ.

ಹಾಗಾದರೆ ಹೆಸರು ಬದಲಾಗಲೇಬಾರದೇ ಎಂದು ಕೇಳಬಹುದು. ಬದಲಾದ ಹೆಸರುಗಳಿಂದಲೇ ನಮ್ಮ ಪರಂಪರೆ ತುಂಬಿದೆ. ಪಾಜಕದಲ್ಲಿ ಮಧ್ಯಗೇಹ ಭಟ್ಟರು ಮಗನಿಗೆ ವಾಸುದೇವನೆಂದು ಹೆಸರಿಟ್ಟರು. ಅಚ್ಯುತಪ್ರೇಕ್ಷರು ಆಶ್ರಮ ಕೊಡುವಾಗ ಪೂರ್ಣಪ್ರಜ್ಞರೆಂದರು. ವೇದಾಂತಸಾಮ್ರಾಜ್ಯದಲ್ಲಿ ಅಭಿಷೇಕವಾದಾಗ ಆನಂದತೀರ್ಥರೆಂದರು. ಶೋಭನಭಟ್ಟರು ಪದ್ಮನಾಭತೀರ್ಥರಾದರು. ಧೋಂಡೋಪಂತರು ಜಯತೀರ್ಥರಾದರು. ಅಷ್ಟಕ್ಕೇ ನಿಲ್ಲದೆ, ಮಾಡಿದ ಕಾರ್ಯದಿಂದ ಟೀಕಾಚಾರ್ಯರಾದರು. ಕಾಗಿಣೆಯ ದಡದ ಮಳಖೇಡಕ್ಕೆ ಹೊರಟ ನಮ್ಮ ಕಡೆಯ ಜನ ಇಂದಿಗೂ ‘ಟೀಕಾರಾಯರ ದರ್ಶನಕ್ಕೆ’ ಎಂದೇ ಹೇಳುವರು. ವೇಂಕಟನಾಥರು 1621ರಲ್ಲಿ ರಾಘವೇಂದ್ರತೀರ್ಥರಾದರು. ಸಂನ್ಯಾಸಿಯು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡು ಪೂರ್ವಾಶ್ರಮದ ಹೆಸರನ್ನು ಬಿಡುತ್ತಾನೆ. ಆದರೂ ಗಮನಿಸಬೇಕಾದ ಅಂಶವೊಂದಿದೆ. ಅವರು ಬಿಟ್ಟ ಹೆಸರನ್ನು ನಾವು ಬಿಡಲಿಲ್ಲ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ವಾಸುದೇವನ ಬಾಲಲೀಲೆಗಳನ್ನು ಓದುತ್ತೇವೆ. ಆರಾಧನೆಯ ದಿನ ಉಪನ್ಯಾಸಕರು ವೇಂಕಟನಾಥರ ಬಡತನವನ್ನು ವರ್ಣಿಸುವಾಗ ಕಣ್ಣೊರೆಸಿಕೊಳ್ಳುತ್ತೇವೆ. ಹೊಸ ಹೆಸರು ಹಳೆಯದನ್ನು ಅಳಿಸಲಿಲ್ಲ, ಅದರ ಮೇಲೆ ನಿಂತಿತು.

ದಾಸರ ಅಂಕಿತವು ಇನ್ನೂ ಸೂಕ್ಷ್ಮ. ಚೀಕಲಪರವಿಯ ದಾಸಪ್ಪನವರು ವಿಜಯವಿಠಲಾಂಕಿತರಾದರು, ಮೊಸರಕಲ್ಲಿನ ಭಾಗಣ್ಣನವರು ಗೋಪಾಲವಿಠಲಾಂಕಿತರಾದರು. ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಸಂಸ್ಕೃತದ ಉದ್ದಾಮ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರನ್ನು ಮೊದಲು ಲಘುವಾಗಿ ಕಂಡವರು. ಅಂಥವರು ಜಗನ್ನಾಥವಿಠಲನ ಅಂಕಿತ ಹೊತ್ತು ಕನ್ನಡ ಭಾಮಿನಿಯಲ್ಲಿ ಹರಿಕಥಾಮೃತಸಾರವನ್ನು ಕೊಟ್ಟರು. ನಮ್ಮ ಸುರಪುರದ ಆನಂದದಾಸರ ಅಂಕಿತ ಕಮಲೇಶವಿಠಲ. ಇಲ್ಲಿ ಪದದ ಕೊನೆಯಲ್ಲಿ ಬರುವುದು ಹಾಡಿದವನ ಹೆಸರಲ್ಲ, ಹಾಡಿಸಿದವನ ಹೆಸರು. ಆದರೂ ಅದನ್ನು ಕೇಳಿದೊಡನೆ ಇದು ಇಂಥ ದಾಸರ ಪದವೆಂದು ಗುರುತು ಹತ್ತುತ್ತದೆ. ಹರಪನಹಳ್ಳಿ ಭೀಮವ್ವನವರ ಭೀಮೇಶಕೃಷ್ಣ ಎಂಬ ಅಂಕಿತದಲ್ಲಿಯಂತೂ ಸ್ವಾಮಿಯ ಹೆಸರಿನೊಳಗೇ ಭಕ್ತಳ ಹೆಸರೂ ಕೇಳಿಸುತ್ತದೆ.

ಊರುಗಳ ಹೆಸರೂ ಬದಲಾಗುತ್ತವೆ. ನಮ್ಮ ರಾಜ್ಯವೇ 1973ರಲ್ಲಿ ಮೈಸೂರು ಹೋಗಿ ಕರ್ನಾಟಕವಾಯಿತು. ಗುಲ್ಬರ್ಗವು 2014ರಲ್ಲಿ ಕಲಬುರಗಿಯಾಯಿತು, ಹೈದರಾಬಾದ್ ಕರ್ನಾಟಕವು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಸುರಪುರವನ್ನು ಆಂಗ್ಲರು ಶೋರಾಪುರವೆಂದು ಬರೆದದ್ದು ಇನ್ನೂ ಎಷ್ಟೋ ಕಾಗದಗಳಲ್ಲಿ ಹಾಗೆಯೇ ಉಳಿದಿದೆ. ಸುರಪುರದ ಮಾತು ಬಂದಾಗ ಬಿ.ಎ. ತರಗತಿಯಲ್ಲಿ ಇತಿಹಾಸ ಓದಿದ್ದು ನೆನಪಾಗುತ್ತದೆ. 1841ರಲ್ಲಿ ಅಲ್ಲಿಗೆ ಬಂದ ಆಂಗ್ಲ ಅಧಿಕಾರಿ ಮೆಡೋಸ್ ಟೇಲರನನ್ನು ಜನರು ‘ಮಹಾದೇವ ಬಾಬಾ’ ಎಂದು ಕರೆದರು. ಬಾಲಕನಾಗಿದ್ದ ದೊರೆ ವೆಂಕಟಪ್ಪ ನಾಯಕನು ತನ್ನನ್ನು ‘ಅಪ್ಪಾ’ ಎನ್ನುತ್ತಿದ್ದನೆಂದು ಟೇಲರನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದುಕೊಂಡಿದ್ದಾನೆ. 1858ರಲ್ಲಿ ಆ ದೊರೆಯು ಆಂಗ್ಲರ ಮೇಲೆ ತಿರುಗಿಬಿದ್ದು, ಸೆರೆಯಾಗಿ, ಅದೇ ವರ್ಷ ತೀರಿಕೊಂಡನು. ಆ ದುಃಖದ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಹೊರಗಿನಿಂದ ಬಂದವನನ್ನು ತಮ್ಮವನನ್ನಾಗಿ ಮಾಡಿಕೊಳ್ಳಬೇಕಾದರೆ ಜನರು ಮೊದಲು ಅವನಿಗೆ ತಮ್ಮದೊಂದು ಹೆಸರನ್ನು ಕೊಡುವರೆಂಬುದಷ್ಟೇ ನಮಗೆ ಪ್ರಕೃತ.

ಮನೆಗೆ ಬಂದ ಸೊಸೆಗೂ ಹೀಗೆಯೇ. ಮದುವೆಯಲ್ಲಿ ಅಕ್ಕಿಯ ಮೇಲೆ ಉಂಗುರದಿಂದ ವಧುವಿಗೆ ಹೊಸ ಹೆಸರನ್ನು ಬರೆಯುವ ಪದ್ಧತಿ ನಮ್ಮ ಭಾಗದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪ್ರೀತಿಯಿಂದಲೇ ಇಡುತ್ತಾರೆ, ಒಳ್ಳೆಯ ಹೆಸರನ್ನೇ ಇಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆಕೆ ಗಂಡನ ಹೆಸರನ್ನು ಹಾಗೇ ಹೇಳುವಂತಿಲ್ಲ, ಒಡಪು ಕಟ್ಟಿ ಹೇಳಬೇಕು. ಮಾವನ ಹೆಸರನ್ನು ಮೊಮ್ಮಗನಿಗೆ ಇಟ್ಟರೆ ಮಗನನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಹೀಗೆ ಎಲ್ಲರ ಹೆಸರಿಗೂ ಮರ್ಯಾದೆ ಕೊಟ್ಟ ಆಕೆಯ ಸ್ವಂತ ಹೆಸರು ಎಲ್ಲಿ ಹೋಯಿತು?

ನಮ್ಮ ಅಜ್ಜಿಯ ವಿಷಯವನ್ನು ಹೇಳುತ್ತೇವೆ. ಆಕೆಯ ತವರು ಸುರಪುರದ ಆಚೆ ಕೃಷ್ಣಾತೀರದ ಒಂದು ಹಳ್ಳಿ. ಹುಟ್ಟಿದಾಗ ತಂದೆತಾಯಿಗಳು ಆ ನದಿಯ ಹೆಸರನ್ನೇ ಇಟ್ಟಿದ್ದರು. ಹದಿನಾಲ್ಕನೆಯ ವರ್ಷದಲ್ಲಿ ಮದುವೆಯಾಗಿ ಯಾದಗಿರಿಗೆ ಬಂದಾಗ ನಮ್ಮ ಮನೆಯವರು ಲಕ್ಷ್ಮೀದೇವಿಯರ ಹೆಸರೊಂದನ್ನು ಇಟ್ಟರು. ನಾವು ಮೊಮ್ಮಕ್ಕಳು ಕೇಳಿದ್ದು ಅದೊಂದೇ ಹೆಸರು. ಅದೂ ಪಡಿತರ ಚೀಟಿಯಲ್ಲಿ. ನಮಗೆ ಹತ್ತು ವರ್ಷವಿದ್ದಾಗ, ಒಂದು ಮಧ್ಯಾಹ್ನ, ಕೋಲೂರಿಕೊಂಡು ಬಂದ ವೃದ್ಧರೊಬ್ಬರು ಬಾಗಿಲಲ್ಲಿ ನಿಂತು ನದಿಯ ಆ ಹೆಸರಿಗೆ ‘ಬಾಯಿ’ ಎಂದು ಸೇರಿಸಿ, ಇದ್ದಾಳೇನೆಂದು ಕೇಳಿದರು. ಅಂಥವರು ಇಲ್ಲಿ ಯಾರೂ ಇಲ್ಲವೆಂದು ನಾವು ಹೇಳಿಬಿಟ್ಟೆವು. ಗುಡಿಯ ಸಮೀಪದ ಈ ಮನೆಗೆ ನಾವು ಹೊಸದಾಗಿ ಬಂದಿದ್ದೆವು. ಮನೆ ತಪ್ಪಿತೆಂದು ತಿಳಿದು ಅವರು ಮೆಲ್ಲಗೆ ತಿರುಗಿ ಹೋದರು.

ಒಳಗೆ ಅಜ್ಜಿ ಮರದಲ್ಲಿ ಅಕ್ಕಿ ಆರಿಸುತ್ತಿದ್ದಳು. “ಯಾರೋ ಬಂದಿದ್ದವರು?” ಎಂದಳು. “ಯಾರೋ ಅಜ್ಜ, ಬ್ಯಾರೆ ಯಾರನ್ನೋ ಕೇಳಿದ್ರು” ಎಂದು ಆ ಹೆಸರನ್ನು ಹೇಳಿದೆವು. ಆಕೆಯ ಕೈ ಅಕ್ಕಿಯಲ್ಲಿಯೇ ನಿಂತಿತು.

“ಅದು ನಾನೇ ಅಲ್ಲೇನೋ” ಎಂದಳು.

ಬಂದವರು ಆಕೆಯ ಒಡಹುಟ್ಟಿದ ತಮ್ಮ. ತಂದೆಯವರು ಸೈಕಲ್ಲು ಹತ್ತಿ ಬಸ್ ನಿಲ್ದಾಣಕ್ಕೆ ಓಡಿದರು. ಸುರಪುರದ ಬಸ್ಸು ಹೋಗಿಯಾಗಿತ್ತು. ಆ ರಾತ್ರಿ ಅಜ್ಜಿ ಊಟ ಮಾಡಲಿಲ್ಲ. ಮರುದಿನ ಮೊದಲ ಬಸ್ಸಿಗೆ ತಂದೆಯವರು ಆಕೆಯನ್ನೂ ನಮ್ಮನ್ನೂ ಕರೆದುಕೊಂಡು ಭೀಮೆಯನ್ನು ದಾಟಿ, ಶಹಾಪುರದ ಮೇಲೆ ಸುರಪುರಕ್ಕೆ ಬಂದು, ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು ಆ ಹಳ್ಳಿಗೆ ಹೋದರು. ಅಗಸೆ ದಾಟಿದೊಡನೆ ಒಬ್ಬ ಮುದುಕಿ ಕಟ್ಟೆಯ ಮೇಲಿನಿಂದ ಆ ಹೆಸರನ್ನು ಕೂಗಿದಳು. ಇನ್ನೊಂದು ಬಾಗಿಲಿನಿಂದ ಇನ್ನೊಬ್ಬಳು ಕೂಗಿದಳು. ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದ ನಮ್ಮ ಅಜ್ಜಿ ಅಲ್ಲಿ ನಮಗಿಂತ ಮುಂದೆ ನಡೆದಳು. ತಮ್ಮನು “ಅಕ್ಕಾ, ನಿನ್ನ ಮೊಮ್ಮಗ ನಿನ್ನನ್ನ ಮನಿಯಾಗ ಇಲ್ಲ ಅಂದುಬಿಟ್ಟ” ಎಂದು ನಕ್ಕರು. ಆಕೆಯೂ ನಕ್ಕಳು. “ಅವಂದೇನು ತಪ್ಪು? ಆ ಮನಿಯಾಗ ನಾನೂ ಮರ್ತಿದ್ದೆ” ಎಂದಳು. ತಂದೆಯವರು ಮಾತನಾಡಲಿಲ್ಲ. ಸ್ವಂತ ತಾಯಿಯ ಆ ಹೆಸರನ್ನು ತಾವು ಎಂದೋ ಕೇಳಿ ಮರೆತಿದ್ದುದಾಗಿ ಅವರು ಬಹಳ ವರ್ಷಗಳ ಮೇಲೆ ನಮ್ಮೊಡನೆ ಹೇಳಿದರು.

ಮಹಾಭಾರತದಲ್ಲಿ ದ್ರುಪದನ ಮಗಳಿಗೆ ದ್ರೌಪದಿ, ಪಾಂಚಾಲಿ, ಯಾಜ್ಞಸೇನಿ ಎಂದು ಹೆಸರುಗಳುಂಟು. ಮೊದಲಿನದೂ ಕೊನೆಯದೂ ತಂದೆಯಿಂದ ಬಂದವು, ನಡುವಿನದು ದೇಶದಿಂದ ಬಂದದ್ದು. ಆಕೆಗೆಂದೇ ಇಟ್ಟ ಹೆಸರು ಕೃಷ್ಣಾ. ವೇದವ್ಯಾಸದೇವರು ಆ ಹೆಸರನ್ನು ಗ್ರಂಥದುದ್ದಕ್ಕೂ ಬಿಡದೆ ಬಳಸಿದ್ದಾರೆ. ಐವರು ಗಂಡಂದಿರ ಮನೆಗೆ ಬಂದ ಮೇಲೂ ಆಕೆ ಕೃಷ್ಣೆಯೇ. ಇದನ್ನು ಓದುವಾಗಲೆಲ್ಲ ನಮಗೆ ಮರದ ಮುಂದೆ ಕುಳಿತ ಅಜ್ಜಿಯ ನೆನಪಾಗುತ್ತದೆ.

ಮುಂದೆ ನಮ್ಮ ತಂಗಿಯ ವಿವಾಹದಲ್ಲಿ ಹೆಸರು ಬರೆಯುವ ಹೊತ್ತಿಗೆ ತಂದೆಯವರು ಬೀಗರನ್ನು ಕುರಿತು, ಹುಡುಗಿಯ ಹೆಸರು ಇದ್ದಂತೆಯೇ ಇರಲಿ ಎಂದು ಕೈಮುಗಿದು ಕೇಳಿಕೊಂಡರು. ಹಿರಿಯರೊಬ್ಬರಿಗೆ ಕೋಪ ಬಂದಿತು. ಸಂಪ್ರದಾಯವನ್ನು ಅರ್ಚಕರೇ ಮುರಿಯಬಹುದೇ ಎಂದರು. ವಧುವಿನ ಗೋತ್ರವು ಬದಲಾಗುವುದಕ್ಕೆ ಆಧಾರವಿದೆ. ಹೆಸರು ಬದಲಿಸಬೇಕೆಂಬ ವಿಧಿ ಗೃಹ್ಯಸೂತ್ರಗಳಲ್ಲಿಲ್ಲ, ಅದು ದೇಶಾಚಾರ, ಬೇಕಾದವರು ಮಾಡಬಹುದು ಎಂದು ತಂದೆಯವರು ಸಮಾಧಾನದಿಂದ ಹೇಳಿದರು. ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ಕಡೆಗೆ ವರನ ತಾಯಿಯೇ ಉಂಗುರವನ್ನು ಕೈಗೆತ್ತಿಕೊಂಡು ಅಕ್ಕಿಯಲ್ಲಿ ತಂಗಿಯ ಹಳೆಯ ಹೆಸರನ್ನೇ ಬರೆದರು. ಬರೆಯುವಾಗ ಆಕೆಯ ಕಣ್ಣು ತೇವವಾಗಿತ್ತು; ಏಕೆಂದು ನಾವು ಕೇಳಲಿಲ್ಲ.

ಸಂನ್ಯಾಸಿಯೂ ದಾಸರೂ ಹೊಸ ಹೆಸರನ್ನು ಗುರುವಿನಿಂದ ಬೇಡಿ ಪಡೆದವರು. ಕೇಳದೆ ಕೊಟ್ಟ ಹೆಸರಿಗೂ ಅದಕ್ಕೂ ಅಂತರವಿದೆಯೆಂದು ನಮ್ಮ ಅಭಿಪ್ರಾಯ. ಒಪ್ಪದವರೂ ಇರಬಹುದು. ಆದರೆ ಇಟ್ಟವರೂ ಹಳೆಯದನ್ನು ಬರೆದಿಟ್ಟುಕೊಳ್ಳಲು ಅಡ್ಡಿಯೇನು? ಇನ್ನು ಲೌಕಿಕದಲ್ಲಿ ಒಂದು ಮಾತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಹಿಡಿದು ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಆಸ್ಪತ್ರೆಯಿಂದ ಬಂದ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದ್ದರೆ ವರ್ಷದೊಳಗೆ ಹೋಗಿ ಸೇರಿಸಿಕೊಳ್ಳತಕ್ಕದ್ದು. ತೊಟ್ಟಿಲಲ್ಲಿ ಒಂದು, ಪತ್ರದಲ್ಲಿ ಒಂದು ಆಗದಿರಲಿ.

ಅಜ್ಜಿ ತೀರಿಕೊಂಡು ಹದಿನೈದು ವರ್ಷಗಳಾದವು. ಶ್ರಾದ್ಧದಲ್ಲಿ ಹೆಂಗಸರ ಹೆಸರಿಗೆ ‘ದಾ’ ಎಂದು ಸೇರಿಸಿ ಹೇಳುವ ಕ್ರಮದಂತೆ ತಂದೆಯವರು ಆಕೆಯ ಮದುವೆಯ ಹೆಸರನ್ನೇ ಹೇಳುತ್ತಾರೆ. ನಮ್ಮ ಗೋತ್ರದೊಡನೆ ಸೇರಿದ್ದು ಆ ಹೆಸರು. ಅದನ್ನು ಅವರು ಬದಲಿಸಲಿಲ್ಲ. ಆದರೆ ಆಕೆ ಹೋದ ವರ್ಷವೇ ಕೆಂಪು ಬಟ್ಟೆಯ ರಟ್ಟಿನ ಒಂದು ವಹಿಯನ್ನು ತಂದು, ತಾವು ಪೌರೋಹಿತ್ಯಕ್ಕೆ ಹೋಗುವ ಪ್ರತಿಯೊಂದು ಮನೆಗೂ ಎರಡೆರಡು ಪುಟ ಬಿಟ್ಟು, ಮೂರು ತಲೆಯ ಗಂಡಸರ ಹೆಸರು, ಹೆಂಗಸರ ಎರಡೂ ಹೆಸರು, ತವರೂರು ಇವನ್ನು ಬರೆಯತೊಡಗಿದರು. ಈಗ ಅದನ್ನು ಮುಂದುವರಿಸುವ ಕೆಲ ಸ ನಮ್ಮ ಪಾಲಿಗೆ ಬಂದಿದೆ. ಎಷ್ಟೋ ಪುಟಗಳಲ್ಲಿ ಬಲಗಡೆಯ ಸಾಲು ಖಾಲಿಯೇ ಇದೆ.

ಈ ಸಲ ಪಕ್ಷಕ್ಕೆ ಬರುವಾಗ ವಹಿಯನ್ನು ತರುತ್ತೇವೆ. ಪ್ರತಿಪದೆಗೆ ಮುಂಚೆಯೇ ಮನೆಯ ಹಿರಿಯ ಹೆಂಗಸರ ಬಳಿ ಕುಳಿತು, ಅವರ ತವರಿನ ಹೆಸರನ್ನೂ ಅವರ ಅತ್ತೆಯ ತವರಿನ ಹೆಸರನ್ನೂ ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟಿರಬೇಕಾಗಿ ಪ್ರಾರ್ಥನೆ.

|| ಶ್ರೀಕೃಷ್ಣಾರ್ಪಣಮಸ್ತು ||